ಒಂದೂ ಹಾಳೆ ಮಡಚಿಲ್ಲ

೧೮ ಜುಲೈ, ಶುಕ್ರವಾರ. ಕಲಘಟಗಿ.

ಮಿಶ್ರಿಕೋಟಿ ಶಾಲೆಯ ಆ ಕಪಾಟು ಕಣ್ಣಿಂದ ಹೋಗುತ್ತಿಲ್ಲ. ನನ್ನ ಮೊದಲ ಮಕ್ಕಳ ಕಾದಂಬರಿ ಅಚ್ಚಾದಾಗ ಪ್ರತಿಗಳನ್ನು ನಾನೇ ಹೊತ್ತುಕೊಂಡು ಹೋಗಿ ಅಲ್ಲಿಗೆ ಕೊಟ್ಟಿದ್ದೆ. ನಾಲ್ಕು ವರ್ಷವಾಯಿತು. ಎರಡನೆಯದನ್ನು ಮುಗಿಸುವ ಮೊದಲು ಓದಿದ ಮಕ್ಕಳನ್ನು ಕೇಳೋಣವೆಂದು ಇವತ್ತು ಹೋದೆ.

ಹೆಡ್‌ಮಿಸ್ಟ್ರೆಸ್ ಅನ್ನಪೂರ್ಣಾಬಾಯಿ ಹೆಮ್ಮೆಯಿಂದ ಬೀಗ ತೆಗೆದರು. “ನೋಡ್ರಿ, ಅಗದಿ ಹೊಸಾವ ಇದ್ದಂಗ ಅದಾವ. ಒಂದ ಹಾಳಿ ಮಡಚಿಲ್ಲ. ಹುಡುಗೂರ ಕೈಯಾಗ ಕೊಟ್ಟಿದ್ರ ಉಳೀತಿದ್ವೇನ್ರಿ?”

ಹುಳ ಬೀಳದಿರಲೆಂದು ನಡುನಡುವೆ ಬೇವಿನ ಎಲೆ ಬೇರೆ ಇಟ್ಟಿದ್ದರು. ಸಿಟ್ಟಾಗುವುದಾದರೂ ಹೇಗೆ?

ಏಳನೆಯ ತರಗತಿಯ ಮುಸರತ್ ಬಾಗಿಲಲ್ಲಿ ಇಣುಕಿದಳು. “ಬಾಯಾರ, ಅವು ಯಾರ ಪುಸ್ತಕರಿ?”

“ನಿಮ್ಮವ. ಮುಟ್ಟಬ್ಯಾಡ ಮತ್ತ!”

ನಾನೂ ನಕ್ಕುಬಿಟ್ಟೆ. ಬಸ್ಸು ಹತ್ತಿದ ಮೇಲೆ ಅಳು ಬಂತು.

ಕವಿತೆಯಾದರೆ ನೂರು ವರ್ಷ ಕಾದೀತು. ಹನ್ನೆರಡರ ಹುಡುಗರಿಗೆಂದು ಬರೆದದ್ದು ಎಷ್ಟು ಕಾಲ ಕಾಯಬೇಕು? ಆಗ ಹನ್ನೆರಡಾಗಿದ್ದವರು ಈಗ ಕಾಲೇಜಿಗೆ ಹೋಗುತ್ತಿದ್ದಾರೆ. ಅವರಿಗಿನ್ನು ಅದು ಬೇಡ.

ಎರಡನೆಯ ಕಾದಂಬರಿಯ ಹುಡುಗಿ ಅಳ್ನಾವರ ಸ್ಟೇಷನ್ನಿನಲ್ಲಿ ಟಿಕೆಟ್ ಹಿಡಿದು ನಿಂತು ತಿಂಗಳಾಯಿತು. ಇವತ್ತು ಬರೆಯಲು ಕೂತು ಅವಳನ್ನು ರೈಲು ಹತ್ತಿಸಬೇಕೆಂದಿದ್ದೆ. ಹತ್ತಿಸಿ ಎಲ್ಲಿ ಇಳಿಸಲಿ, ಆ ಕಪಾಟಿನಲ್ಲೇ?

ನಿಂತಿರಲಿ. ಅಲ್ಲಿ ಗಾಳಿಯಾದರೂ ಆಡುತ್ತದೆ.