ಮೂವತ್ತೊಂದನೆಯ ಮೆಟ್ಟಿಲು

ಜುಲೈ 3, ಮಧ್ಯಾಹ್ನ

…ಮಕ್ಕಳು ಮರೆತುಬಿಡುತ್ತವೆ ಎಂದೋ, ಮರೆಯಲಿ ಬಿಡಿ ಎಂದೋ. ಹೆಡ್‌ಮಿಸ್ಟ್ರೆಸ್ ಅಂದದ್ದು ಸರಿಯಾಗಿ ನೆನಪಿಲ್ಲ. ಆದರೂ ಸೋಂಕಿನ ದಿನಗಳ ಬಗ್ಗೆ ಮಕ್ಕಳ ಪದ್ಯಗಳ ಪುಸ್ತಕ ಬೇಕಂತೆ. ತಿದ್ದುವವನು ನಾನು, ಆರನೆಯ ತರಗತಿಯ ಭಾಷಾ ಮೇಷ್ಟ್ರು. ಇಪ್ಪತ್ತೆರಡು ಓದಿದೆ. ಮಾಸ್ಕ್, ಮೊಬೈಲ್ ಪಾಠ, ಅಜ್ಜನ ಕೆಮ್ಮು. ಎಲ್ಲದರ ಕೊನೆಗೂ ಸೂರ್ಯೋದಯ. "ಆಶಾಕಿರಣ ಇರ್ಲಿ ಸರ್" ಎಂದಿದ್ದರಲ್ಲ.

ಜುಲೈ 4

ಇಪ್ಪತ್ತಮೂರನೆಯ ಪದ್ಯ ನಮ್ಮ ಕಟ್ಟಡದ ಸೆಕ್ರೆಟರಿಯ ಮಗಳದು. ಅವರು ಮೊದಲ ಮಹಡಿ, ನಾನು ಮೂರನೆಯದು.

ನಮಗೆ ಅಂಟಬಾರದೆಂದು ಅಪ್ಪ
ಲಿಫ್ಟ್ ನಿಲ್ಲಿಸಿ ಕೀ ಜೇಬಿಗೆ ಹಾಕಿಕೊಂಡರು
ಸರ್ ಆಂಟಿಯನ್ನು ಹಿಡಿದು ಮೆಟ್ಟಿಲು ಇಳಿಸಿದರು
ನಾನು ಬಾಗಿಲ ಹಿಂದೆ ನಿಂತು ಎಣಿಸಿದೆ
ಮೂವತ್ತೊಂದಕ್ಕೆ ಸದ್ದು ನಿಂತಿತು

ನಾಲ್ಕು ವರ್ಷ ನಂಬಿದ್ದೆ, ಲಿಫ್ಟ್ ಕೆಟ್ಟಿತ್ತೆಂದು. ಅವನೇ ಕೈಮುಗಿದು ಹೇಳಿದ್ದ. "ಏನ್ ಮಾಡೋದು ಮೇಷ್ಟ್ರೇ, ಮೆಕ್ಯಾನಿಕ್ ಬರ್ತಿಲ್ಲ." ಹೆಂಡತಿ ಆ ಮೆಟ್ಟಿಲಲ್ಲೇ ಕುಸಿದಳು, ಆಸ್ಪತ್ರೆ ತಲುಪಲಿಲ್ಲ. ಸಂತಾಪ ಸಭೆಯಲ್ಲಿ ಅವನದೇ ಭಾಷಣ.

ಕೆಂಪು ಪೆನ್ನಿಗೆ ಮುಚ್ಚಳ ಹಾಕಿದೆ. ಒಂದಕ್ಷರ ಮುಟ್ಟಲಿಲ್ಲ.

ಜುಲೈ 9

ಪುಸ್ತಕದ ಬಿಡುಗಡೆಗೆ ಅತಿಥಿ ಅವನೇ — ಪೋಷಕರ ಸಂಘದ ಅಧ್ಯಕ್ಷನಲ್ಲವೇ. ಮೊದಲ ವಾಚನ ಅವನ ಮಗಳದೆಂದು ಪಟ್ಟಿಯಲ್ಲಿ ಬರೆದೆ.

"ಅವಳ ಪದ್ಯ ನಾನು ನೋಡೇ ಇಲ್ವಲ್ಲ?" ಹೆಡ್‌ಮಿಸ್ಟ್ರೆಸ್.

"ಅಪ್ಪನ ಬಗ್ಗೆ ಬರ್ದಿದಾಳೆ ಮೇಡಂ. ಸರ್ಪ್ರೈಸ್."

ನಕ್ಕರು. ನಾನೂ ನಕ್ಕೆ. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಜುಲೈ 15

ಹುಡುಗಿ ಸ್ಟಾಫ್‌ರೂಮಿನ ಬಾಗಿಲಲ್ಲಿ.

"ಸರ್, ಅದು ನಿಮಗೆ ಅಂತ ಬರ್ದಿದ್ದು. ಎಲ್ಲರ ಮುಂದೆ ಓದ್ಬೇಕಾ? ಅಪ್ಪ ಬೈತಾರೆ."

"ಬೈಯಲ್ಲ ಪುಟ್ಟಿ. ಹೆಮ್ಮೆಪಡ್ತಾರೆ. ಜೋರಾಗಿ ಓದು, ಹಿಂದಿನ ಸಾಲಿಗೂ ಕೇಳ್ಬೇಕು."

ಹನ್ನೊಂದು ವರ್ಷ. ನಂಬಿದಳು.

ಜುಲೈ 19, ಸಂಜೆ

ಓದಿದಳು. ಜೋರಾಗಿಯೇ. ಎರಡನೆಯ ಸಾಲಿಗೆ ಅವನ ಕೈ ತಾನಾಗಿ ಜೇಬಿಗೆ ಹೋಯಿತು. ಸಭೆಯೆಲ್ಲ ಅದನ್ನು ಕಂಡಿತು. ಮುಖ ಸುಣ್ಣ ಬಳಿದ ಗೋಡೆ. ಕಣ್ಣು ತುಂಬ ನೋಡಿದೆ. ಬೇಕಾದಷ್ಟು ಹೊತ್ತು.

ಅವನು ಎದ್ದು ಹೊರಟುಹೋದ, ಮಗಳನ್ನು ಅಲ್ಲೇ ಬಿಟ್ಟು. ಅವಳು ವೇದಿಕೆಯಿಂದ ನನ್ನನ್ನೇ ನೋಡುತ್ತಿದ್ದಳು — ತಪ್ಪಿಲ್ಲದೆ ಓದಿದೆನಾ ಎನ್ನುವ ಹಾಗೆ.

ಆರೂವರೆ

ಬಾಗಿಲು ತಟ್ಟಿದಳು. ಇನ್ನೂ ಯೂನಿಫಾರ್ಮಿನಲ್ಲೇ ಇದ್ದಾಳೆ.

"ಅಪ್ಪ ಒಳಗೆ ಬಿಡ್ತಿಲ್ಲ ಸರ್. ಬೈಯಲ್ಲ ಅಂದಿದ್ರಿ."

ನೀರು ಕೊಟ್ಟೆ. ಕೆಳಗಿಳಿದು ಮಾತಾಡಬೇಕು. ಬೇಡಿಕೊಳ್ಳಬೇಕು — ಅವನನ್ನು, ಅವನ ಹೊಸ್ತಿಲಲ್ಲಿ ನಿಂತು…

"ಆಂಟಿ ಕುರ್ಚಿ ಇದೇನಾ?" ಎಂದಳು. ಉತ್ತರಕ್ಕೆ ಕಾಯಲಿಲ್ಲ. ನಿನ್ನ ಕುರ್ಚಿಯಲ್ಲಿ ಕೂತಿದ್ದಾಳೆ. ಯಾರನ್ನೂ ಕೂರಿಸಿರಲಿಲ್ಲ ಕಣೇ, ಇಷ್ಟು ದಿನ. ಏಳಿಸಲೇನೇ?