ಚಿಗುಸಾ ಬ್ಯಾಟನ್ನು ಅಡ್ಡ ಹಿಡಿದಳು

ಉವಾಜಿಮಾ,
ಜುಲೈ ೨೧

ಚಿಗುಸಾಳ ಅಪ್ಪನಿಗೆ,

ಕುಶಿರೊದಲ್ಲಿ ನಿಮ್ಮ ದೋಣಿ ದಡ ಸೇರುವ ವಾರ ಇದೇ ಇರಬೇಕೆಂದು ಬರೆಯುತ್ತಿದ್ದೇನೆ. ನಾವಿಬ್ಬರೂ ಮಾತು ಬಿಟ್ಟು ವರ್ಷಗಳೇ ಆದವು. ಜಗಳಕ್ಕೆ ಬರೆದದ್ದಲ್ಲ, ಮಗಳ ವಿಷಯ. ಬೇರೆಯವರ ಬಾಯಿಂದ ನಿಮಗೆ ಅರ್ಧಂಬರ್ಧ ತಿಳಿಯುವುದು ಬೇಡ.

ಭಾನುವಾರ ಶಾಲೆಗಳ ಹೆಣ್ಣುಮಕ್ಕಳ ಬೇಸ್‌ಬಾಲ್ ಸೆಮಿಫೈನಲ್ ಇತ್ತು. ಕೊನೆಯ ಸರದಿ, ಎರಡೂ ತಂಡಕ್ಕೆ ಎರಡೆರಡು ರನ್. ನಮ್ಮವಳೊಬ್ಬಳು ಎರಡನೇ ಬೇಸಿನಲ್ಲಿದ್ದಳು, ಇನ್ನೂ ಯಾರೂ ಔಟಾಗಿರಲಿಲ್ಲ. ಆಗ ಬ್ಯಾಟ್ ಹಿಡಿದು ಬಂದವಳು ಚಿಗುಸಾ. ತಂಡದಲ್ಲೇ ದೊಡ್ಡ ಹೊಡೆತ ಅವಳದು. ಚೆಂಡು ಬೇಲಿ ದಾಟುವುದನ್ನು ನೋಡಲು ನಾವೆಲ್ಲ ಎದ್ದು ನಿಂತೆವು. ಅವಳು ಬ್ಯಾಟನ್ನು ಅಡ್ಡ ಹಿಡಿದು, ಚೆಂಡನ್ನು ಮೂರನೇ ಬೇಸಿನ ಕಡೆಗೆ ಮೆತ್ತಗೆ ಉರುಳಿಸಿಬಿಟ್ಟಳು. ಬಂಟ್! ತಾನು ಔಟಾದಳು, ಅಷ್ಟರಲ್ಲಿ ಗೆಳತಿ ಮೂರನೇ ಬೇಸ್ ಮುಟ್ಟಿದ್ದಳು.

ನಮ್ಮಪ್ಪನ ಬಾಯಿ ನಿಮಗೆ ಗೊತ್ತಲ್ಲ. "ಏನ್ ಮೇಷ್ಟ್ರೇ, ಹುಲಿ ಕೈಲಿ ಹುಲ್ಲು ತಿನ್ನಿಸ್ತೀರೇನ್ರೀ?" ಎಂದು ತರಬೇತುದಾರ ಒಕಾಬೆಯವರ ಮೇಲೆ ಕೂಗಾಡಿದರು. ಅವರು ಟೋಪಿ ತೆಗೆದು ತಲೆ ಬಾಗಿಸಿದರೇ ಹೊರತು ತುಟಿ ಬಿಚ್ಚಲಿಲ್ಲ. ಮುಂದಿನ ಸಾಲಿನಲ್ಲಿ ಅಂಕ ಬರೆಯುತ್ತಿದ್ದ ಹುಡುಗಿ ತಿರುಗಿ, "ಅಜ್ಜಾ, ಅದು ತ್ಯಾಗದ ಬಂಟ್. ಔಟಾದ್ರೂ ಅವಳ ಸರಾಸರಿ ಇಳಿಯಲ್ಲ. ಸುಮ್ನೆ ಕೂತ್ಕೊಳಿ," ಎಂದು ಗದರಿದಳು.

ಆಮೇಲೆ ಬಂದವಳು ಗಿಡ್ಡಿ ನಾಗಿ. ಆ ದಿನವೆಲ್ಲ ಅವಳ ಬ್ಯಾಟಿಗೆ ಚೆಂಡೇ ತಗುಲಿರಲಿಲ್ಲ. ಈ ಸಲ ಎತ್ತಿ ಹೊಡೆದಳು. ದೂರದಲ್ಲಿ ಯಾರೋ ಹಿಡಿದರು, ನಾಗಿ ಔಟ್. ಆದರೆ ಚೆಂಡು ಹಿಡಿದ ಮೇಲೆ ಓಡಲು ಅವಕಾಶವಿದೆಯಲ್ಲ, ಆ ಕೂಡಲೇ ಮೂರನೇ ಬೇಸಿನಿಂದ ನಮ್ಮವಳು ಓಡಿ ಬಂದು ರನ್ ತಂದಳು. ಗೆದ್ದೆವು! ಚಪ್ಪಾಳೆಯೆಲ್ಲ ನಾಗಿಗೆ. ಅವಳನ್ನು ಹೆಗಲ ಮೇಲೆ ಹೊತ್ತು ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವಳು ನಮ್ಮ ಮಗಳು.

ಮರುದಿನ ಅಪ್ಪನ ಪರವಾಗಿ ಕ್ಷಮೆ ಕೇಳಲು, ನಮ್ಮ ಅಂಗಡಿಯಿಂದ ಬಿಸಿ ಮೀನಿನ ವಡೆ ಕಟ್ಟಿಕೊಂಡು ಶಾಲೆಗೆ ಹೋದೆ. ಮೇಷ್ಟ್ರು ನಕ್ಕುಬಿಟ್ಟರು. "ನಾನು ಹೊಡಿ ಅಂತಲೇ ಸನ್ನೆ ಮಾಡಿದ್ದೆ ಕಣಮ್ಮಾ. ಬಂಟ್ ಅವಳದೇ ತೀರ್ಮಾನ."

ಹಾಗಾದರೆ ಬೈಸಿಕೊಂಡು ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ.

"ನನ್ಮೇಲೆ ಬಿದ್ರೆ ಉದುರಿ ಹೋಗುತ್ತೆ. ಮಗು ಮೇಲೆ ಬಿದ್ರೆ?"

ಸನ್ನೆ ಮೀರಿದ್ದಕ್ಕೆ ಅವಳಿಗೆ ವಾರವಿಡೀ ಮೈದಾನ ಗುಡಿಸುವ ಶಿಕ್ಷೆ ಕೊಟ್ಟಿದ್ದಾರೆ. ಹೋಗಿ ನೋಡಿದರೆ ಹಾಡು ಗುನುಗುತ್ತಾ ಗುಡಿಸುತ್ತಿದ್ದಳು. ನನಗೆ ಎದೆ ತುಂಬಿ ಬಂತು. ಇಂಥವಳನ್ನು ಹೆತ್ತೆನಲ್ಲ ಎಂದುಕೊಂಡೆ. ಆ ಹೆಮ್ಮೆಯನ್ನು ಒಬ್ಬಳೇ ಇಟ್ಟುಕೊಳ್ಳಲಾಗಲಿಲ್ಲ.

ಅದೇ ಅಂಗಡಿ, ಅದೇ ಮನೆಯಿಂದ,
ಕಿನುಯೊ

ತಾ.ಕ.: ಹಾಗೇಕೆ ಮಾಡಿದೆ ಎಂದು ಅವಳನ್ನು ಕೇಳಿದೆ. "ನನ್ನ ಹೊಡೆತಕ್ಕೆ ಹೆದರಿ ಮೂರನೇ ಬೇಸ್ ಕಾಯ್ತಿದ್ದ ಎದುರು ತಂಡದವಳು ಅಷ್ಟು ಹಿಂದೆ ನಿಂತಿದ್ಲಮ್ಮಾ. ಅಪ್ಪ ಹೊಡೆಯೋದು ಕಲಿಸ್ದೇ ಇದ್ದಿದ್ರೆ ಆ ಬಂಟ್ ಆಗ್ತಾನೇ ಇರ್ಲಿಲ್ಲ," ಎಂದಳು. ಮುಂದಿನ ಭಾನುವಾರ ಮತ್ಸುಯಾಮಾದಲ್ಲಿ ಫೈನಲ್. ನನ್ನ ಪಕ್ಕದ ಜಾಗಕ್ಕೆ ಟವೆಲ್ ಹಾಕಿಟ್ಟಿರುತ್ತೇನೆ.