ಅಲಗಿನ ಮೇಲಿನ ಬಣ್ಣ

ಮಾರ್ಚ್ ೧೧, ಸೋಮವಾರ

ಪ್ರೀತಿಯ ಭಾವ,

ನಾನು ಕ್ಷೇಮ. ನೀನೂ ಮಗಳೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಎರಡು ಬಸ್ ನಿಲ್ದಾಣದಾಚೆ ಇರುವವನಿಗೆ ಕಾಗದ ಬರೆಯುವುದು ನಗೆಪಾಟಲಿನ ಕೆಲಸ ಎಂದು ಗೊತ್ತು. ಆದರೆ ನೀನು ಫೋನ್ ಎತ್ತುತ್ತಿಲ್ಲ. ಮನೆಗೆ ಬಂದರೆ ಮಗಳು ಬಾಗಿಲಲ್ಲೇ ನಿಂತು, "ಅಪ್ಪ ಮಲಗಿದಾರೆ ಮಾವ" ಎನ್ನುತ್ತಾಳೆ. ಬೆಳಗ್ಗೆ ಹನ್ನೊಂದು ಗಂಟೆಗೆ ಮಲಗುವ ಅಭ್ಯಾಸ ನಿನಗೆ ಯಾವತ್ತೂ ಇರಲಿಲ್ಲ. ಮೂರು ಸಲ ಬರೆಯಲು ಕೂತು ಮೂರು ಸಲವೂ ಹರಿದೆ. ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ.

ಮೊದಲು ನಿನ್ನೆಯ ಸುದ್ದಿ ಹೇಳಿಬಿಡುತ್ತೇನೆ. ಎಂದಿನಂತೆ ನಾವು ಚಾಕುಹುಚ್ಚರೆಲ್ಲ ಬೈಂಡರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಸೇರಿದ್ದೆವು. ಹಾಳೆ ಕತ್ತರಿಸುವ ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ, ಎಲ್ಲರ ಮಡಚುವ ಚಾಕುಗಳನ್ನೂ ಸಾಲಾಗಿ ಇಟ್ಟಿದ್ದೆವು. ಕಾಂಪೌಂಡರ್ ಹೊಸದೊಂದನ್ನು ತಂದಿದ್ದ, ಒಂದೇ ಬೆರಳಲ್ಲಿ ತೆರೆಯುವಂಥದ್ದು. ಬೈಂಡರ್ ಅದನ್ನು ನಾಲ್ಕು ಸಲ ತೆರೆದು ಮುಚ್ಚಿ, "ಇದು ಚಾಕು ಅಲ್ಲಪ್ಪ, ಬಚ್ಚಲುಮನೆ ಚಿಲಕ. ನಡೆಯೂ ಇಲ್ಲ, ನುಡಿಯೂ ಇಲ್ಲ" ಎಂದ. ಅಲಗು ಹೊರಳುವ ನಯಕ್ಕೆ ನಡೆ, ಮುಚ್ಚುವಾಗಿನ 'ಟಕ್' ಸದ್ದಿಗೆ ನುಡಿ ಎಂದು ನೀನೇ ಹೆಸರಿಟ್ಟದ್ದು. ಈಗ ಎಲ್ಲರ ಬಾಯಲ್ಲೂ ಅದೇ.

"ನಿಮ್ಮ ಹಾಗೆ ಉಗುರು ಮುರ್ಕೊಂಡು ತೆಗೆಯೋದೇ ಭಕ್ತಿ ಅಂದ್ರೆ, ಆ ಭಕ್ತಿ ನಂಗೆ ಬೇಡ" ಎಂದ ಕಾಂಪೌಂಡರ್.

ನಿವೃತ್ತ ಪೋಸ್ಟ್‌ಮ್ಯಾನ್‌ನನ್ನು ಹುಡುಕಿಕೊಂಡು ಅವನ ಹೆಂಡತಿಯೇ ಬಂದಿದ್ದರು. "ಮನೇಲಿ ಹದಿನೆಂಟು ಚಾಕು ಇದಾವೆ ಅಣ್ಣ. ಈರುಳ್ಳಿ ಹೆಚ್ಚೋಕೆ ಒಂದು ಕೇಳಿದ್ರೆ, ಅದು ಬರೀ ನೋಡೋ ಚಾಕು ಅಂತಾರೆ. ಇವತ್ತು ನಾನೂ ನೋಡೋ ಊಟಾನೇ ಬಡಿಸ್ತೀನಿ." ಪೋಸ್ಟ್‌ಮ್ಯಾನ್ ತನ್ನ ಚಾಕು ಮಡಚಿ ಜೇಬಿಗಿಟ್ಟು ಎದ್ದು ಹೊರಟ.

ಎಲ್ಲರೂ ನಕ್ಕೆವು. ನಿನ್ನ ಸ್ಟೂಲು ಖಾಲಿ ಇತ್ತು. ಕಾಂಪೌಂಡರ್ ಅದರ ಮೇಲೆ ಕೂರಲು ಹೋದಾಗ ಬೈಂಡರ್, "ಅಲ್ಲಿ ಬೇಡ, ಈ ಕಡೆ ಬಾ" ಎಂದ. ನೀನು ಬಾರದೆ ನಿನ್ನೆಗೆ ಹನ್ನೊಂದು ಭಾನುವಾರ.

ಯಾಕೆಂದು ನನಗೆ ಗೊತ್ತು. ಡಿಸೆಂಬರ್‌ನಲ್ಲಿ ನಿನ್ನ ಕೊಂಬಿನ ಹಿಡಿಯ ಚಾಕುವನ್ನು ನನ್ನ ಕೈಗಿಟ್ಟು, "ಅಲಗು ಅಲ್ಲಾಡ್ತಿದೆ, ಸ್ವಲ್ಪ ನೋಡು" ಎಂದಿದ್ದೆ. ಅದೇನು ದೊಡ್ಡ ಕೆಲಸವಲ್ಲ. ವಾಚ್ ರಿಪೇರಿಯ ಸಣ್ಣ ಸುತ್ತಿಗೆಯಲ್ಲಿ ರಿವೆಟ್‌ಗೆ ಎರಡು ಏಟು ಕೊಟ್ಟೆ, ಬಿಗಿಯಾಯಿತು. ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಉಪ್ಪುಕಾಗದ ತೆಗೆದುಕೊಂಡೆ, ಆಮೇಲೆ ಪಾಲಿಶ್ ಹಚ್ಚಿ ಮುಖ ಕಾಣುವಷ್ಟು ಹೊಳಪು ಬರಿಸಿದೆ.

ಅದು ಹಳೆಯ ಕಾಲದ ಉಕ್ಕು, ಹುಳಿ ತಾಗಿದರೆ ಬಣ್ಣ ತಿರುಗುವಂಥದ್ದು. ಮೂವತ್ತೊಂದು ವರ್ಷ ನನ್ನ ತಂಗಿ ನಿನ್ನ ಮನೆಯಲ್ಲಿ ಲಿಂಬೆ, ಸೇಬು, ಕಿತ್ತಳೆ ಎಲ್ಲವನ್ನೂ ಅದರಲ್ಲೇ ಕೊಯ್ದಳು. ಅಡುಗೆಮನೆಯ ಚಾಕು ಅವಳಿಗೆ ಒಗ್ಗಲೇ ಇಲ್ಲ. ಅಲಗೆಲ್ಲ ಬೂದಿ ಬಣ್ಣ, ತುದಿಯಲ್ಲಿ ನೀಲಿ, ಬುಡದಲ್ಲಿ ಅವಳ ಹೆಬ್ಬೆರಳು ಒತ್ತುತ್ತಿದ್ದ ಕಡೆ ಮಾತ್ರ ಬೆಳ್ಳಗೆ. ಅವಳು ಹೋದ ಮೇಲೆ ಒಂದು ವರ್ಷ ನೀನು ಅದರಲ್ಲಿ ಏನನ್ನೂ ಕೊಯ್ದಿರಲಿಲ್ಲ. ಇನ್ನೊಬ್ಬರ ಅಲಗಿನ ಬಣ್ಣವನ್ನು ಕೇಳದೆ ಮುಟ್ಟಬಾರದು ಎಂಬುದು ನಮ್ಮ ಮೇಜಿನ ಮೊದಲ ನಿಯಮ. ಆ ನಿಯಮ ಮಾಡಿದವನೇ ನಾನು.

ವಾಪಸ್ ಕೊಟ್ಟಾಗ ನೀನು ಚಾಕು ತೆರೆದೆ. ಕಿಟಕಿಯ ಕಡೆ ತಿರುಗಿಸಿ ನೋಡಿದೆ. ಮುಚ್ಚಿ ಜೇಬಿಗೆ ಹಾಕಿಕೊಂಡು, "ಗಟ್ಟಿಯಾಗಿದೆ" ಎಂದಷ್ಟೇ ಹೇಳಿ ಮೆಟ್ಟಿಲಿಳಿದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ತುಕ್ಕು ಅಂದುಕೊಂಡುಬಿಟ್ಟೆ ಎಂದು ಬೈಂಡರ್‌ಗೆ ಹೇಳಿದೆ. "ನಲವತ್ತು ವರ್ಷ ವಾಚ್ ಬಿಚ್ಚಿದ ಕಣ್ಣು ಕಣೋ, ಅದಕ್ಕೂ ಸುಸ್ತಾಗಲ್ವಾ" ಎಂದು ಅವನು ನನ್ನ ಬೆನ್ನು ತಟ್ಟಿದ. ನಿನ್ನ ಮಗಳಿಗೂ ಅದನ್ನೇ ಹೇಳಿದೆ. "ಹೋಗ್ಲಿ ಬಿಡಿ ಮಾವ, ಗೊತ್ತಿಲ್ದೆ ಆಗಿದ್ದು" ಎಂದಳು. ನಿನಗೂ ಅದನ್ನೇ ಬರೆಯುತ್ತಿದ್ದೇನೆ. ಕಣ್ತಪ್ಪಿನಿಂದ ಆಯಿತು, ಕ್ಷಮಿಸು.

ಹತ್ತೊಂಬತ್ತನೇ ವಯಸ್ಸಿನಿಂದ ನಾವು ಜೊತೆಗಿದ್ದವರು. ನಿನ್ನ ಮದುವೆಯ ಹಿಂದಿನ ದಿನದವರೆಗೂ ನಿನ್ನನ್ನು 'ಲೋ' ಎನ್ನುತ್ತಿದ್ದೆ. ಮರುದಿನದಿಂದ 'ಭಾವ' ಎನ್ನಬೇಕಾಗಿ ಬಂದಾಗ ಒಂದು ವಾರ ನಾಲಗೆ ಹೊರಳಲಿಲ್ಲ. ತಂಗಿ ನಮ್ಮಿಬ್ಬರನ್ನೂ ಬಿಡುತ್ತಿರಲಿಲ್ಲ. "ನೀವಿಬ್ರೂ ಸಾಣೆಕಲ್ಲು ಹಿಡ್ಕೊಂಡು ಕೂತ್ರೆ, ಕಳ್ಳ ಬಂದ್ರೂ, ಸ್ವಲ್ಪ ಕೂತ್ಕೊಳಪ್ಪ, ಇದೊಂದು ಮುಗೀಲಿ ಅಂತೀರ" ಎನ್ನುತ್ತಿದ್ದಳು.

ಆಗೆಲ್ಲ ಭಾನುವಾರ ಮಧ್ಯಾಹ್ನ ನಿಲ್ದಾಣದ ಬೆಂಚಿನ ಮೇಲೆ ಬಸ್‌ಗೆ ಕಾಯುತ್ತ ನೀನು ಸೇಬಿನ ಹೋಳನ್ನು ಅಲಗಿನ ತುದಿಯಲ್ಲೇ ನನ್ನತ್ತ ಚಾಚುತ್ತಿದ್ದೆ. ಈಗ ಅದೇ ಬೆಂಚಿನ ಮೇಲೆ ಒಬ್ಬನೇ ಕೂತು ಬರುತ್ತೇನೆ. ನಿನ್ನ ಬಸ್ ನಂಬರ್ ಬಂದರೆ ಈಗಲೂ ಎದ್ದು ನಿಲ್ಲುತ್ತೇನೆ. ಬರುವ ಭಾನುವಾರ ಬಾ. ಮಾತಾಡದಿದ್ದರೂ ಪರವಾಗಿಲ್ಲ, ಬಂದು ಕೂರು.

ಮಗಳಿಗೆ ಮಾವನ ಆಶೀರ್ವಾದ ತಿಳಿಸು, ಅವಳ ಬದುಕು ತಂಪಾಗಿರಲಿ. ನಿನ್ನ ಮಂಡಿನೋವು ಬೇಗ ವಾಸಿಯಾಗಲಿ, ಎಣ್ಣೆ ಹಚ್ಚುವುದನ್ನು ಮರೆಯಬೇಡ.

ಇಂತಿ, ನಿನ್ನ
ವಾಚ್ ರಿಪೇರಿ

ತಾ. ಕ.: ಕವರ್ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಕಣ್ತಪ್ಪು ಎಂದು ಬರೆದದ್ದು ಸುಳ್ಳು. ತುಕ್ಕು ಬೆರಳಿಗೆ ಒರಟಾಗಿ ಸಿಗುತ್ತದೆ, ಬಣ್ಣ ನುಣ್ಣಗಿರುತ್ತದೆ. ಕಣ್ಣು ಮುಚ್ಚಿಕೊಂಡೂ ನಾನು ಹೇಳಬಲ್ಲೆ. ಅದು ಏನು, ಯಾರದು ಎಂದು ತಿಳಿದೇ ಉಜ್ಜಿದೆ. ಅದರ ಹಿಂದಿನ ಭಾನುವಾರ ನೀನು ಆ ಅಲಗನ್ನು ಎಲ್ಲರಿಗೂ ತೋರಿಸುತ್ತ, ಅವಳು ಲಿಂಬೆ ಹಿಂಡುವಾಗ ಕಾಂಪೌಂಡರ್ ಕಣ್ಣಿಗೆ ರಸ ಹಾರಿಸಿ, "ಔಷಧಿ ನಿಮ್ಮ ಹತ್ರಾನೇ ಇದೆಯಲ್ಲ" ಎಂದದ್ದನ್ನು ಹೇಳಿ ನಕ್ಕೆ. ಅವರೂ ನಕ್ಕರು. ನಾನು ನೀರು ತರುವ ನೆಪದಲ್ಲಿ ಎದ್ದು ಹೋದೆ. ಅವಳು ಹೋದಾಗ ಜನರೆಲ್ಲ ನಿನ್ನ ಕೈ ಹಿಡಿದು ಸಮಾಧಾನ ಹೇಳಿದರು; ಅಣ್ಣನಾದ ನನ್ನನ್ನು ಕುರ್ಚಿ ಎಲ್ಲಿ, ಟೀ ಎಲ್ಲಿ ಎಂದು ಕೇಳಿದರು. ಇವತ್ತಿಗೂ ಅವಳ ವಿಷಯ ಬಾಯಿಬಿಟ್ಟು ಆಡಲಾರೆ. ನೀನು ನಗುತ್ತ ಆಡುತ್ತೀ. ಅದನ್ನು ತಡೆಯಲಾಗಲಿಲ್ಲ. ಆ ಬಣ್ಣ ಹೋದರೆ ನೋವೂ ಹೋದೀತು ಎಂದುಕೊಂಡೆನೋ ಏನೋ. ಹೋಗಲಿಲ್ಲ. ಬಾ, ಆ ಲಿಂಬೆಹಣ್ಣಿನ ಕತೆ ಮತ್ತೊಮ್ಮೆ ಹೇಳು, ನಗುತ್ತಲೇ ಹೇಳು. ಈ ಸಲ ಎದ್ದು ಹೋಗುವುದಿಲ್ಲ.